ಹಾವಿನ ಮೊಟ್ಟೆಗೆ ಡಬ್ಬಿ

ನಾಗರಹಾವು, ಕೇರೆಹಾವು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಗದಗ, ಮುಂಡರಗಿ ಸೀಮೆಯಲ್ಲಿ ಮರಿ ಮಾಡಿಸುವ ಪ್ರಸಂಗ ಬರುವುದು ಪಾಯ ತೋಡುವಾಗ ಮೊಟ್ಟೆ ಸಿಕ್ಕು, ಅರಣ್ಯ ಇಲಾಖೆಗೆ ತಿಳಿಸಿದ ಮೇಲೆ. ಆಗ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಷ್ಟು ಸೊಗಸಾದ ಸಾಧನ ಬೇರೊಂದಿಲ್ಲ. ಕೋಳಿಮೊಟ್ಟೆಯ ಯಂತ್ರ ಇಲ್ಲಿ ಸಲ್ಲದು: ಅದರ 37 ಡಿಗ್ರಿ ಕಾವು ಅತಿಯಾಯಿತು, ಮೊಟ್ಟೆ ಹೊರಳಿಸುವ ಗುಣವಂತೂ ಮಾರಕ. ಹಾವಿನ ಭ್ರೂಣ ಸಿಪ್ಪೆಯ ಒಳಮೈಗೆ ಅಂಟಿಕೊಂಡಿರುತ್ತದೆ. ಸಿಕ್ಕಾಗ ಮೇಲಿದ್ದ ಮಗ್ಗುಲಿಗೆ ಪೆನ್ಸಿಲ್ ಗುರುತು ಹಾಕಿ ಹಾಗೆಯೇ ಇಡಬೇಕು. ತಳಕ್ಕೆ ತೆಂಗಿನ ನಾರಿನ ಪುಡಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ. ಎರೆಮಣ್ಣು ಬೇಡ, ಒಣಗಿದರೆ ಬಿರಿಯುತ್ತದೆ. 28–30 ಡಿಗ್ರಿ ಸಾಕು. ಇಲ್ಲಿನ ಬೇಸಿಗೆಯಲ್ಲಿ ಕಾವು ಕೊಡುವುದಕ್ಕಿಂತ ತಂಪಾಗಿಡುವುದೇ ಕಷ್ಟ. ನಾಗರಮೊಟ್ಟೆಗೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಮರಿ ಮೂತಿಯ ಪುಟ್ಟ ಹಲ್ಲಿನಿಂದ ಸಿಪ್ಪೆ ಸೀಳಿ, ತಲೆಯಷ್ಟೇ ಹೊರಹಾಕಿ ಗಂಟೆಗಟ್ಟಲೆ ಇರುತ್ತದೆ, ಎಳೆಯಬಾರದು. ನಾಗರಮರಿಗೆ ಹುಟ್ಟಿನಿಂದಲೇ ವಿಷವಿರುವುದರಿಂದ ಮುಚ್ಚಳ ಭದ್ರವಾಗಿರಬೇಕು.