‘ಕೆನಡಾಕ್ಟರ್’ ಮತ್ತು ಒಂದು ಡಿಕ್ಷನರಿಯ ಕೀರ್ತಿ

ಎನ್‌ವಿಡಿಎ ಎಂಬ, ತೆರೆಯ ಮೇಲಿನದನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದರು. ಅಂಧ ಓದುಗರಿಗೆ ಅದರಿಂದಾದ ಉಪಕಾರವನ್ನು ಮತ್ತೆ ಹೇಳಬೇಕಿಲ್ಲ. ಆದರೆ ಉಚ್ಚಾರ ತಿದ್ದಿಕೊಳ್ಳಲು ಅದರಲ್ಲಿರುವ ಸ್ಪೀಚ್ ಡಿಕ್ಷನರಿಗೆ ಸಿಗುತ್ತಿರುವ ಹೊಗಳಿಕೆ, ಕನ್ನಡದ ಮಟ್ಟಿಗಂತೂ, ಅತಿಯಾಯಿತು. ‘ಉಚ್ಚಾರ ಸರಿಯಿಲ್ಲವೇ? ನೀವೇ ಸೇರಿಸಿಕೊಳ್ಳಿ’ ಎನ್ನುವುದು ಸುಲಭ. ಸೇರಿಸಿ ನೋಡಿದವರ ಪಾಡು ಬೇರೆ.

ಒಂದೇ ನಮೂದು ಸಾಕು. ‘ಡಾ.’ ಬಂದಲ್ಲಿ ‘ಡಾಕ್ಟರ್’ ಎನ್ನಿಸಬೇಕು. ‘ಎಲ್ಲಿ ಬಂದರೂ ಬದಲಿಸು’ ಎಂಬ ಆಯ್ಕೆ ಕೊಟ್ಟರೆ, ವಾಕ್ಯದ ಕೊನೆಯ ‘ಕೆನಡಾ.’ ಎಂಬುದು ‘ಕೆನಡಾಕ್ಟರ್’ ಆಗುತ್ತದೆ. ಸೋಡಾಕ್ಕೂ ಅದೇ ಗತಿ. ಹಾಗಾದರೆ ‘ಪೂರ್ಣ ಪದ’ ಎಂಬ ಆಯ್ಕೆ? ಚುಕ್ಕಿ ಬಿಟ್ಟು ‘ಡಾ’ ಎಂದಷ್ಟೇ ಕೊಟ್ಟು ನೋಡಿ. ಎನ್‌ವಿಡಿಎ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಪದದ ಗಡಿ ಗುರುತಿಸುವಾಗ ಪೈಥಾನ್ ವ್ಯಂಜನವನ್ನು ಅಕ್ಷರವೆನ್ನುತ್ತದೆ, ಅದಕ್ಕಂಟಿದ ಸ್ವರಚಿಹ್ನೆಯನ್ನು ಅಕ್ಷರವೆನ್ನುವುದಿಲ್ಲ. ಆದ್ದರಿಂದ ‘ಡಾ’ದ ದೀರ್ಘದ ಮುಂದೆ ಚುಕ್ಕಿ ಬಂದರೆ ಅದಕ್ಕೆ ಅಲ್ಲಿ ಪದ ಮುಗಿದದ್ದೇ ಕಾಣದು, ಮುಂದೆ ವ್ಯಂಜನದಂಥ ಅಕ್ಷರ ಬಂದರೆ ಮಾತ್ರ ಗಡಿ ಕಾಣುತ್ತದೆ! ಅಂದರೆ, ಬದಲಾಗಬೇಕಾದ ‘ಡಾ.’ ಹಾಗೇ ಉಳಿದು, ಏನೂ ತಪ್ಪು ಮಾಡದ ‘ಡಾಲರ್’ ಹೋಗಿ ‘ಡಾಕ್ಟರ್‌ಲರ್’ ಆಗುತ್ತದೆ. ಅಪೂರ್ಣವಾಗಿ ಕೆಲಸ ಮಾಡುವ ಸಲಕರಣೆಯನ್ನು ಸಹಿಸಬಹುದು. ಇದು ತಲೆಕೆಳಗಾಗಿಯೇ ಕೆಲಸ ಮಾಡುತ್ತದೆ.

ಇನ್ನೊಂದು ಆಯ್ಕೆ, ಹುಡುಕುವ ಮಾದರಿಯನ್ನು ಸಂಕೇತಗಳಲ್ಲಿ ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಶನ್. ಅದರಲ್ಲಿ ಸಾಧ್ಯ, ಒಪ್ಪೋಣ. ಆದರೆ ದಿನಪತ್ರಿಕೆ ಕೇಳಬೇಕೆಂದ ನಿವೃತ್ತ ಮೇಷ್ಟ್ರಿಗೆ ಪ್ರೋಗ್ರಾಮಿಂಗ್ ಕಲಿಸುವುದನ್ನು ಸ್ವಾತಂತ್ರ್ಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಪಂಗಡವಿದೆ: ‘ಕನ್ನಡ ಬರೆದಂತೆ ಓದುವ ಭಾಷೆ, ನಮಗೆ ಡಿಕ್ಷನರಿಯ ಗೊಡವೆಯೇ ಬೇಡ’ ಎನ್ನುವ ಪಂಡಿತರದು. ಇವರಲ್ಲಿ ಎಷ್ಟು ಮಂದಿ ‘ಬ್ರಹ್ಮ’ದಲ್ಲಿ ಹಕಾರವನ್ನು ಮಕಾರಕ್ಕಿಂತ ಮೊದಲು ಉಚ್ಚರಿಸುತ್ತಾರೆ? ‘ಚಿಹ್ನೆ’ಯನ್ನು ಬರೆದಂತೆಯೇ ಓದುವವರು ಯಾರು? ‘ಕಾಫಿ’ಯ ಫಕಾರವೂ ‘ಫಲ’ದ ಫಕಾರವೂ ಒಂದೇ ಏನು? ‘ಕ್ರಿ.ಶ.’, ‘ಕಿ.ಮೀ.’, ‘ರೂ.’ ಇವನ್ನು ಬರೆದಂತೆ ಓದಿದರೆ ಕೇಳುವವರಿಗೆ ಏನು ತಿಳಿದೀತು? ಕಣ್ಣಿಂದ ಓದುವವರು ಈ ತಿದ್ದುಪಡಿಗಳನ್ನು ಗಮನಿಸದೆಯೇ ಮಾಡಿಕೊಳ್ಳುತ್ತಾರೆ. ಹೆಮ್ಮೆಯೆಲ್ಲ ಲಿಪಿಗೆ ಸಲ್ಲುತ್ತದೆ, ತೊಂದರೆಯೆಲ್ಲ ಕಿವಿಯಿಂದ ಓದುವವರ ಪಾಲಿಗೆ.

ಡಿಕ್ಷನರಿಯಿಂದ ಉಪಯೋಗವೇ ಇಲ್ಲವೆಂದಲ್ಲ. ಎನ್‌ವಿಡಿಎ ಮುಚ್ಚಿದೊಡನೆ ಅಳಿಸಿಹೋಗುವ ತಾತ್ಕಾಲಿಕ ಡಿಕ್ಷನರಿಯೂ ಇದೆ. ಒಂದು ಅನುವಾದಿತ ಕಾದಂಬರಿಯ ರಷ್ಯನ್ ಹೆಸರುಗಳಿಗೆ ಅದು ಚೆನ್ನ. ಆದರೆ ಇಡೀ ಭಾಷೆಗೆ ಬೇಕಾದ ತಿದ್ದುಪಡಿಯನ್ನು ಒಬ್ಬೊಬ್ಬರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಮೊದಲಿನಿಂದ ಮಾಡಿಕೊಳ್ಳಬೇಕೆನ್ನುವುದು ದಂಡದ ದುಡಿಮೆ. ಎನ್‌ವಿಡಿಎ ಜೊತೆಗೇ ಬರುವ, ಪಠ್ಯವನ್ನು ದನಿಯಾಗಿಸುವ ಇಸ್ಪೀಕ್ ಎನ್‌ಜಿಯಲ್ಲಿ ಕನ್ನಡದ ಉಚ್ಚಾರಣಾ ನಿಯಮಗಳಿಗೊಂದು, ಪದಪಟ್ಟಿಗೊಂದು ಕಡತವಿದೆ; ಎರಡೂ ಸಾದಾ ಪಠ್ಯ, ಎರಡೂ ಮುಕ್ತ. ಬೇರೆ ದನಿ ಬಳಸುವವರಿಗೆ ಅಲ್ಲಿ ಮಾಡಿದ ತಿದ್ದುಪಡಿ ತಲುಪದು, ನಿಜ. ಆದರೂ ಕನ್ನಡ ಬಲ್ಲ ತಂತ್ರಜ್ಞರು ಹೊಸ ಆ್ಯಪ್‌ಗಳ ಮಾತು ಸ್ವಲ್ಪ ಬಿಟ್ಟು, ಮೊದಲು ಆ ಎರಡು ಕಡತಗಳನ್ನು ತಿದ್ದಲಿ.