ಕಣ್ಣಿಗೆ ಆಟ, ಬೆರಳಿಗೆ ನೆಲೆ

ಮೊಬೈಲಿನ ಎರಡೂ ಪಕ್ಕಕ್ಕೆ ಕಚ್ಚಿಕೊಳ್ಳುವ ಗೇಮ್ ಕಂಟ್ರೋಲರ್‌ಗಳ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಇದನ್ನು ಸಿಕ್ಕಿಸಿಕೊಂಡರೆ ಗೆಲ್ಲುವುದು ಸುಲಭವಾಗುತ್ತದೆಯೇ ಎಂಬುದು. ಆ ಪ್ರಶ್ನೆಯಿಂದ ಹೊರಟವರಿಗೆ ಈ ಸಾಧನದ ನಿಜವಾದ ಯೋಗ್ಯತೆ ತಿಳಿಯುವುದಿಲ್ಲ. ಗಾಜಿನ ಮೇಲೆ ಆಡುವಾಗ ಕಣ್ಣಿಗೆ ಎರಡು ಕೆಲಸ ಬೀಳುತ್ತದೆ: ಒಂದು ಆಟವನ್ನು ನೋಡುವುದು, ಇನ್ನೊಂದು ಬೆರಳನ್ನು ಕಾಯುವುದು. ಒಳ್ಳೆಯ ಕಂಟ್ರೋಲರ್ ಎರಡನೆಯ ಕೆಲಸವನ್ನು ಕಣ್ಣಿನಿಂದ ಬಿಡಿಸಿ ಬೆರಳಿಗೇ ಒಪ್ಪಿಸುತ್ತದೆ. ಈ ಸಾಧನವನ್ನು ಪರೀಕ್ಷಿಸುವವರು ಮೊದಲು ಗಮನಿಸಬೇಕಾದದ್ದು ಅದನ್ನೇ ಎಂಬುದು ನನ್ನ ವಾದ.

ಬೆರಳಿಗೆ ದಾರಿ ತೋರಿಸುವುದು ಅಂಚು ಮತ್ತು ಉಬ್ಬು. ಟೈಪಿಂಗ್ ಕಲಿತವರು ಕೀಲಿಮಣೆ ನೋಡದೆ ಪುಟಗಟ್ಟಲೆ ಹೊಡೆಯುತ್ತಾರೆ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಗೀರು ತೋರುಬೆರಳುಗಳಿಗೆ ಅವುಗಳ ಜಾಗವನ್ನು ನೆನಪಿಸುತ್ತಿರುತ್ತದೆ. ವೀಣೆಯ 24 ಮೆಟ್ಟಿಲುಗಳೂ ವಾದಕರ ಬೆರಳಿಗೆ ಹೀಗೆಯೇ ಗುರುತಾಗುತ್ತವೆ. ನಿಂಟೆಂಡೊದ ಗುನ್ಪೇ ಯೊಕೊಯ್ 1982ರಲ್ಲಿ ‘ಡಾಂಕಿ ಕಾಂಗ್’ನ ಕೈಯಾಟಿಕೆಗೆ ಅಡ್ಡ-ಉದ್ದ ಕೂಡಿದ ದಿಕ್ಕಿನ ಗುಂಡಿ ಜೋಡಿಸಿದಾಗ ಮಾಡಿದ್ದೂ ಇದನ್ನೇ. ಮಡಚುವ ಚಪ್ಪಟೆ ಪೆಟ್ಟಿಗೆಯಲ್ಲಿ ಉದ್ದನೆಯ ಹಿಡಿಕೆಗೆ ಜಾಗವಿರಲಿಲ್ಲ. ಹೆಬ್ಬೆರಳು ನೋಡದೆಯೇ ನಾಲ್ಕು ದಿಕ್ಕನ್ನು ಗುರುತಿಸುವಂತೆ ಆ ಗುಂಡಿ ಮಾಡಿತು. ಮೊಬೈಲಿನ ಗಾಜಿಗೆ ಇಂಥ ಅಂಚೇ ಇಲ್ಲ. ಪರದೆಯ ಮೇಲೆ ಬರೆದ ದುಂಡು ಹಿಡಿಕೆಯಿಂದ ಹೆಬ್ಬೆರಳು ಆಡುತ್ತಾಡುತ್ತ ಜಾರಿದರೆ, ಅದು ಗೊತ್ತಾಗುವುದು ಪಾತ್ರ ತಪ್ಪು ಹೆಜ್ಜೆ ಇಟ್ಟ ಮೇಲೆಯೇ. ಜೊತೆಗೆ ಎರಡೂ ಹೆಬ್ಬೆರಳು ಸೇರಿ ಪರದೆಯ ಕೆಳಮೂಲೆಗಳನ್ನು ಮುಚ್ಚಿಬಿಡುತ್ತವೆ. ಇನ್ನು ಒತ್ತಡದ ಮಾತು. ‘ಗ್ರಿಡ್ ಆಟೋಸ್ಪೋರ್ಟ್’ನಂಥ ರೇಸಿಂಗ್ ಆಟದಲ್ಲಿ ತಿರುವಿನಿಂದ ಹೊರಬರುವಾಗ ವೇಗವನ್ನು ಹದವಾಗಿ ಏರಿಸಬೇಕು. ಪರದೆಯ ಮೇಲಿನ ಗುಂಡಿಗೆ ಗೊತ್ತಿರುವುದು ಮುಟ್ಟಿದೆ, ಬಿಟ್ಟಿದೆ ಎಂಬುದಷ್ಟೆ. ಕಂಟ್ರೋಲರ್‌ನ ಟ್ರಿಗರ್ ಅರ್ಧ ಒತ್ತಿದರೆ ಅರ್ಧ ವೇಗ ಕೊಡುತ್ತದೆ.

ಫೋನಿಗೆ ಗುಂಡಿ ಕೂಡಿಸುವ ಪ್ರಯತ್ನ ಹೊಸದೇನೂ ಅಲ್ಲ. 2003ರ ನೋಕಿಯಾ ಎನ್-ಗೇಜ್‌ನಲ್ಲಿ ಆಟದ ಕಾರ್ಡ್ ಬದಲಿಸಲು ಬ್ಯಾಟರಿಯನ್ನೇ ಬಿಚ್ಚಬೇಕಿತ್ತು. ಮಾತನಾಡಲು ಫೋನಿನ ಅಂಚನ್ನು ಕಿವಿಗೆ ಹಿಡಿಯಬೇಕಿತ್ತು. 2011ರ ಸೋನಿ ಎರಿಕ್ಸನ್ ಎಕ್ಸ್‌ಪೀರಿಯಾ ಪ್ಲೇ ಒಳಗಿನಿಂದ ಜಾರಿ ಬರುವ ಗುಂಡಿಗಳನ್ನು ಕೊಟ್ಟಿತಾದರೂ ಸ್ಟಿಕ್‌ಗಳ ಜಾಗದಲ್ಲಿ ಮತ್ತೆ ಸ್ಪರ್ಶಫಲಕವನ್ನೇ ಇಟ್ಟಿತು. ಎರಡೂ ಫೋನನ್ನು ಶಾಶ್ವತವಾಗಿ ಆಟದ ಪೆಟ್ಟಿಗೆ ಮಾಡಲು ಹೊರಟವು. ಆಡದ ಹೊತ್ತಿನಲ್ಲೂ ಆ ಭಾರವನ್ನು ಬಳಕೆದಾರರೇ ಹೊರಬೇಕಾಯಿತು. 2020ರಲ್ಲಿ ಬಂದ ಬ್ಯಾಕ್‌ಬೋನ್ ಒನ್, ರೇಜರ್ ಕಿಶಿಯಂಥವು ಬೇಕಾದಾಗ ಕೂಡಿಸಿ, ಬೇಡವಾದಾಗ ಬಿಡಿಸುವ ದಾರಿ ಹಿಡಿದವು. ಐಫೋನ್ 2023ರಲ್ಲಿ ಯುಎಸ್‌ಬಿ-ಸಿಗೆ ಬಂದ ಮೇಲೆ ಒಂದೇ ಕಂಟ್ರೋಲರ್ ಆಂಡ್ರಾಯ್ಡ್‌ಗೂ ಐಫೋನಿಗೂ ಹೊಂದಬಹುದೆಂಬ ಅನುಕೂಲವೂ ಸೇರಿತು.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಸ್ಟಿಕ್. ಸಾಮಾನ್ಯ ಸ್ಟಿಕ್‌ನ ಒಳಗೆ ಪ್ರತಿರೋಧದ ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತಿರುತ್ತದೆ. ಪಟ್ಟಿ ಸವೆದಂತೆ ಮುಟ್ಟದಿದ್ದರೂ ಪಾತ್ರ ತಾನಾಗಿ ಒಂದು ಪಕ್ಕಕ್ಕೆ ಸರಿಯತೊಡಗುತ್ತದೆ. ಹಾಲ್ ಎಫೆಕ್ಟ್ ಸ್ಟಿಕ್ ಕದಲಿಕೆಯನ್ನು ಅಯಸ್ಕಾಂತದಿಂದ ಅಳೆಯುತ್ತದೆ. ಅಳೆಯುವ ಭಾಗಗಳು ಒಂದಕ್ಕೊಂದು ತಾಗದ ಕಾರಣ ಅಲ್ಲಿ ಈ ಸವೆತವಿಲ್ಲ. ಬಹುಕಾಲ ಬಳಸುವವರು ಇದನ್ನು ಕೇಳಿ ಕೊಳ್ಳಬೇಕು. ಎರಡನೆಯದು ಹಿಡಿತ. ನಡುವಿನ ಸ್ಪ್ರಿಂಗ್ ಪಟ್ಟಿ ಫೋನನ್ನು ಅಲುಗಾಡದಂತೆ ಬಿಗಿಹಿಡಿಯಬೇಕು. ಉಬ್ಬಿದ ಕ್ಯಾಮೆರಾಗೂ ಹಿಂಬದಿಯ ಕವರಿಗೂ ಎಡೆ ಇರಬೇಕು. ಪ್ರತಿ ಸಲ ಕವರ್ ಬಿಚ್ಚಿಸುವ ಸಾಧನ ಬೇಗ ಕಪಾಟು ಸೇರುತ್ತದೆ. ಮೂರನೆಯದು ಆಡುತ್ತಲೇ ಚಾರ್ಜ್ ಮಾಡುವ ಕಿಂಡಿ. ಫೋನಿನ ಕಿಂಡಿಯನ್ನು ಕಂಟ್ರೋಲರ್ ಆಕ್ರಮಿಸುವುದರಿಂದ ಇದು ಅನಿವಾರ್ಯ. ಭಾರೀ ಆಟಗಳಲ್ಲಿ ಬಿಸಿಯೇರುವ ಫೋನಿನಿಂದ ಅಂಗೈ ದೂರ ಉಳಿಯುವುದು ಮಾತ್ರ ಕೇಳದೆ ಸಿಗುವ ಲಾಭ.

ಆಕ್ಷೇಪಗಳಲ್ಲಿ ಮೊದಲನೆಯದು ಬಲವಾದದ್ದೇ. ನಮ್ಮಲ್ಲಿ ಹೆಚ್ಚು ಹೆಸರಿರುವ ಬಿಜಿಎಂಐ ಆಟಕ್ಕೆ ಕಂಟ್ರೋಲರ್ ಬೆಂಬಲ ಇಲ್ಲ. ಅದರ ನುರಿತ ಆಟಗಾರರು ನಾಲ್ಕು ಬೆರಳನ್ನು ಗಾಜಿನ ಮೇಲೆ ಕುಣಿಸಿ, ಫೋನನ್ನೇ ವಾಲಿಸಿ ಗುರಿಯಿಡುತ್ತಾರೆ. ಸ್ಟಿಕ್‌ನಿಂದ ಆ ಚುರುಕು ಬರುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ಹೊರಗಿನ ಆ್ಯಪ್ ಮೂಲಕ ಇಂಥ ಆಟಕ್ಕೆ ಗುಂಡಿ ಜೋಡಿಸಿದರೆ ಖಾತೆಯೇ ಹೋದೀತು. ಅದು ಉಳಿದ ಆಟಗಾರರಿಗೆ ಮಾಡುವ ಅನ್ಯಾಯವೂ ಹೌದು. ‘ಕಾಲ್ ಆಫ್ ಡ್ಯೂಟಿ: ಮೊಬೈಲ್’ ಕಂಟ್ರೋಲರ್ ಹಿಡಿದವರನ್ನು ಅಂಥವರ ಜೊತೆಗೇ ಆಡಿಸುವ ವ್ಯವಸ್ಥೆ ಮಾಡಿರುವುದು ನ್ಯಾಯವಾದ ದಾರಿ. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದರ ಎಲ್ಲೆಯನ್ನು ತೋರಿಸುತ್ತದೆ. ಗಾಜಿಗಾಗಿಯೇ ಹುಟ್ಟಿದ ‘ಫ್ರೂಟ್ ನಿಂಜಾ’, ‘ಮಾನ್ಯುಮೆಂಟ್ ವ್ಯಾಲಿ’ಗಳಿಗೆ ಬೆರಳೇ ಸರಿ, ಗುಂಡಿಗಾಗಿ ಹುಟ್ಟಿ ಆಮೇಲೆ ಮೊಬೈಲಿಗೆ ಬಂದ ‘ಡೆಡ್ ಸೆಲ್ಸ್’ನಂಥವಕ್ಕೆ ಗುಂಡಿಯೇ ಸರಿ. ಆಟದ ತವರು ಯಾವುದೆಂದು ನೋಡಿ ಸಾಧನ ಆರಿಸಬೇಕು.

ಎರಡನೆಯ ಆಕ್ಷೇಪ ದುಡ್ಡಿನದು: ಟಿವಿಯ ಮುಂದೆ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಕಂಟ್ರೋಲರ್ ಇರುವಾಗ, ಅದನ್ನೇ ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಬಾರದೇ? ಮೇಜಿನ ಮೇಲೆ ಫೋನ್ ನಿಲ್ಲಿಸಿ ಆಡುವವರಿಗೆ ಅದೇ ಮೇಲು. ಅದರ ತುಂಬು ಹಿಡಿಕೆಯ ಸುಖ ಬೇರೆಯೇ. ಆದರೆ ಬಸ್ಸಿನಲ್ಲೋ ರೈಲಿನಲ್ಲೋ ಆಡಲು ಫೋನನ್ನು ಕ್ಲಿಪ್ ಹಾಕಿ ಅದರ ನೆತ್ತಿಗೇರಿಸಿದರೆ ತೂಕವೆಲ್ಲ ಮೇಲೆ ಸೇರಿ ಮಣಿಕಟ್ಟು ಸೋಲುತ್ತದೆ. ಪಕ್ಕಕ್ಕೆ ಕಚ್ಚುವ ಕಂಟ್ರೋಲರ್ ಫೋನನ್ನು ಎರಡು ಕೈಗಳ ನಡುವೆ ತರುತ್ತದೆ, ಭಾರ ಸಮನಾಗಿ ಹಂಚಿಹೋಗುತ್ತದೆ. ನೇರ ಕಿಂಡಿಗೆ ಸೇರುವ ಮಾದರಿಗಳಿಗೆ ಬೇರೆ ಬ್ಯಾಟರಿಯ ಚಿಂತೆಯಿಲ್ಲ, ಪ್ರತಿ ಸಲ ಜೋಡಿಸುವ ತಾಪತ್ರಯವೂ ಇಲ್ಲ.

ಆದ್ದರಿಂದ ಕೊಳ್ಳುವ ಮುನ್ನ ಫೋನಿನಲ್ಲಿರುವ ಆಟಗಳನ್ನು ಒಮ್ಮೆ ಎಣಿಸಿ ನೋಡಿ. ಅವುಗಳಲ್ಲಿ ಗುಂಡಿಯ ಆಟ ಒಂದೂ ಇಲ್ಲವಾದರೆ ದುಡ್ಡು ಉಳಿಸಿಕೊಳ್ಳಿ. ಇದ್ದರೆ, ಚೆನ್ನಾಗಿ ಬಲ್ಲ ಒಂದು ಆಟವನ್ನು ಹತ್ತು ನಿಮಿಷ ಕಂಟ್ರೋಲರ್ ಸಿಕ್ಕಿಸಿ ಆಡಿ. ಅಂಕ ಹೆಚ್ಚಿತೇ ಎಂದು ಲೆಕ್ಕ ಹಾಕಬೇಕಿಲ್ಲ. ಅಷ್ಟು ಹೊತ್ತಿನಲ್ಲಿ ಹೆಬ್ಬೆರಳನ್ನು ಹುಡುಕಲು ಕಣ್ಣು ಒಮ್ಮೆಯೂ ಕೆಳಗಿಳಿಯದಿದ್ದರೆ, ಆ ಸಾಧನ ತನ್ನ ಕೆಲಸ ಮಾಡಿದೆ.