ಗಾಲಿಯ ಮೇಲಿನ ಮನೆ: ಚದರಡಿಯ ಲೆಕ್ಕ ಸಾಲದು

ಮನೆಯನ್ನು ಅಳೆಯಲು ನಮಗೆ ರೂಢಿಯಾಗಿರುವ ಅಳತೆಗಳು ಎರಡು. ಎಷ್ಟು ಚದರಡಿ? ಎಷ್ಟು ರೂಪಾಯಿ? ನೆಲಕ್ಕೆ ಅಂಟಿಕೊಂಡ ಮನೆಗೆ ಇವಿಷ್ಟು ಸಾಕಾಗಬಹುದು. ಆದರೆ ಮನೆಗೆ ಗಾಲಿ ಜೋಡಿಸಿದ ಕೂಡಲೇ ಬೇರೆ ಪ್ರಶ್ನೆಗಳು ಏಳುತ್ತವೆ. ಅದರ ತೂಕವೆಷ್ಟು? ಆ ತೂಕ ಎಷ್ಟು ಎತ್ತರದಲ್ಲಿದೆ? ಒಳಗಿನ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ? ಗಾಲಿಮನೆಗಳನ್ನು ಮೆಚ್ಚಿ ಬರೆಯುವ ವರದಿಗಳಲ್ಲಿ ಈ ಪ್ರಶ್ನೆಗಳು ಕಾಣಿಸುವುದು ಅಪರೂಪ.

ಬೆಂಗಳೂರಿನ ಕಮ್ಮನಹಳ್ಳಿಯಂಥ ಬಡಾವಣೆಯಲ್ಲಿ ಸಂಜೆ ನಡೆದಾಡಿದರೆ ಸರಕು ವಾಹನದ ಬೆನ್ನ ಮೇಲೆ ಎದ್ದಿರುವ ತಿಂಡಿ ಅಂಗಡಿಗಳನ್ನು ನೀವು ನೋಡಬಹುದು. ಹಾಗಿದ್ದಮೇಲೆ ಮಲಗುವ ಕೋಣೆಯನ್ನೂ ಅದರ ಮೇಲೆ ಏಕೆ ಕಟ್ಟಬಾರದು? ಇದು ಸಹಜವಾದ ಆಲೋಚನೆ. ಹೊರದೇಶಗಳಲ್ಲಿ ಕಾರಿನ ಹಿಂದೆ ಎಳೆಯುವ ಸಣ್ಣ ಸರಕು ಟ್ರೇಲರನ್ನು ಕೊಂಡು, ಹಾಸಿಗೆ, ಒಲೆ, ದೀಪ ಜೋಡಿಸಿ ಪ್ರವಾಸದ ಮನೆ ಮಾಡಿಕೊಳ್ಳುವ ಹವ್ಯಾಸಿಗಳು ಬಹಳ. ನಮ್ಮಲ್ಲಿ ಕಾರಿಗೆ ಟ್ರೇಲರ್ ಕಟ್ಟುವ ವಾಡಿಕೆ ಕಡಿಮೆ. ಆ ಪ್ರಯೋಗ ನಮ್ಮಲ್ಲಿ ನಡೆದದ್ದು ಆಟೋದ ಮೇಲೆ.

ಒಂದು ಒಳ್ಳೆಯ ಪ್ರಯೋಗ

ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಯುವ ವಾಸ್ತುಶಿಲ್ಪಿ ಅರುಣ್ ಪ್ರಭು 2019ರ ಸುಮಾರಿಗೆ ಮೂರು ಚಕ್ರದ ಆಟೋ ಮೇಲೆ ಕಟ್ಟಿದ 'ಸೋಲೋ .01' ಎಂಬ ಮನೆ ನಿಮಗೆ ನೆನಪಿರಬಹುದು. ಬೆಂಗಳೂರಿನ ಬಿಲ್‌ಬೋರ್ಡ್ಸ್ ಎಂಬ ವಿನ್ಯಾಸ ತಂಡದ ಹೆಸರೂ ಅದರೊಂದಿಗೆ ಸೇರಿತ್ತು. ಉದ್ಯಮಿ ಆನಂದ್ ಮಹೀಂದ್ರ 2021ರಲ್ಲಿ ಅದನ್ನು ಮೆಚ್ಚಿ ಬರೆದ ಬಳಿಕ ದೇಶದ ಪತ್ರಿಕೆಗಳೆಲ್ಲ ಅದರ ಚಿತ್ರ ಪ್ರಕಟಿಸಿದವು. ವರದಿಗಳು ಕೊಟ್ಟ ವಿವರ ಹೀಗಿದೆ: 36 ಚದರಡಿ ನೆಲ, ಸುಮಾರು ಒಂದು ಲಕ್ಷ ರೂಪಾಯಿ ವೆಚ್ಚ, ಇಬ್ಬರಿಗೆ ವಾಸ, ಅಡುಗೆ ಜಾಗ, ಶೌಚಾಲಯ, 250 ಲೀಟರಿನ ನೀರಿನ ತೊಟ್ಟಿ, 600 ವ್ಯಾಟ್ ಸೌರಫಲಕ, ಮೇಲೆ ಕೂರಲು ತಾರಸಿ.

ಇದರ ಗುಣಗಳನ್ನು ಮೊದಲು ಹೇಳಬೇಕು. ಮನೆಯ ಚೌಕಟ್ಟನ್ನು ವಾಹನಕ್ಕೆ ಬೆಸೆದಿಲ್ಲ, ಬೋಲ್ಟುಗಳಿಂದ ಬಿಗಿದಿದ್ದಾರೆ. ಬೇಕಾದಾಗ ಬಿಚ್ಚಿ ಇಳಿಸಬಹುದು. ಕೆಡವಿದ ಕಟ್ಟಡಗಳ ಮತ್ತು ಹಳೆಯ ಬಸ್ಸುಗಳ ಸಾಮಗ್ರಿಯನ್ನು ಮರುಬಳಕೆ ಮಾಡಿದ್ದಾರೆ. ಕೊಳೆಗೇರಿಯ ಮನೆಗಳನ್ನು ಅಭ್ಯಾಸ ಮಾಡಿದ ಅನುಭವದಿಂದ ಹುಟ್ಟಿದ ವಿನ್ಯಾಸವಾದ್ದರಿಂದ ಒಂದು ಇಂಚು ಜಾಗವೂ ವ್ಯರ್ಥವಾಗಿಲ್ಲ. ಇಕ್ಕಟ್ಟನ್ನು ಇಷ್ಟು ಜಾಣ್ಮೆಯಿಂದ ನಿಭಾಯಿಸಿದ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ.

ಹೀಗಿದ್ದೂ ಇದನ್ನು ವಿಮರ್ಶಿಸುವ ಅಗತ್ಯವೇನು? ಕಟ್ಟಡ ಕಾರ್ಮಿಕರಂಥವರಿಗೆ ತಾತ್ಕಾಲಿಕ ವಸತಿಯಾಗಿಯೂ ಇಂಥ ಮನೆಗಳನ್ನು ಸೂಚಿಸಲಾಗಿದೆ. ಒಂದು ಮಾದರಿ ಕಲಾಕೃತಿಯಾಗಿದ್ದರೆ ಮೆಚ್ಚಿ ಸುಮ್ಮನಾಗಬಹುದು. ಸಾವಿರಾರು ಜನ ರಾತ್ರಿ ಮಲಗುವ ಜಾಗವಾಗುವುದಾದರೆ ಲೆಕ್ಕ ಹಾಕಲೇಬೇಕು. ಸೋಲೋದ ಒಳಗಿನ ಅಳತೆಗಳೆಲ್ಲ ಪ್ರಕಟವಾಗಿಲ್ಲವಾದ್ದರಿಂದ, ಅಂಥ ಯಾವುದೇ ಗಾಲಿಮನೆಗೆ ಅನ್ವಯಿಸುವ ಮಾದರಿ ಲೆಕ್ಕಗಳನ್ನು ಇಲ್ಲಿ ಮಾಡೋಣ.

ನೀರಿನ ತೂಕ, ತೂಕದ ಎತ್ತರ

250 ಲೀಟರ್ ನೀರೆಂದರೆ 250 ಕಿ.ಗ್ರಾಂ. ಮೂರು ಚಕ್ರದ ಸರಕು ವಾಹನಗಳು ಹೊರಬಲ್ಲ ಹೊರೆ ಸಾಮಾನ್ಯವಾಗಿ ಅರ್ಧ ಟನ್ನಿನ ಆಸುಪಾಸು. ಅದರಲ್ಲಿ ಅರ್ಧವನ್ನು ನೀರೇ ನುಂಗಿತು. ಉಳಿದರ್ಧದಲ್ಲಿ ಗೋಡೆ, ಹಾಸಿಗೆ, ಸೌರಫಲಕ, ಬ್ಯಾಟರಿ, ಪಾತ್ರೆ, ಜನ ಎಲ್ಲವೂ ಅಡಕವಾಗಬೇಕು.

ಆದರೆ ಹೊರೆಯ ಪ್ರಮಾಣಕ್ಕಿಂತ ಅದರ ಎತ್ತರ ಹೆಚ್ಚು ಮುಖ್ಯ. ವಾಹನ ತಿರುವಿನಲ್ಲಿ ಉರುಳುವುದು ಯಾವಾಗ? ಅದರ ಗುರುತ್ವಕೇಂದ್ರದಿಂದ ಉರುಳುವ ಅಂಚಿಗಿರುವ ಅಡ್ಡ ದೂರವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿ. ತಿರುವಿನ ವೇಗೋತ್ಕರ್ಷ ಮತ್ತು ಗುರುತ್ವ ವೇಗೋತ್ಕರ್ಷಗಳ ನಿಷ್ಪತ್ತಿ ಈ ಸಂಖ್ಯೆಯನ್ನು ಮೀರಿದರೆ ವಾಹನ ಉರುಳುತ್ತದೆ. ನಾಲ್ಕು ಚಕ್ರದ ವಾಹನದಲ್ಲಿ ಆ ಅಡ್ಡ ದೂರ ಎರಡು ಚಕ್ರಗಳ ನಡುವಿನ ಅಂತರದ ಅರ್ಧ. ಆಟೋದಲ್ಲಿ ಉರುಳುವ ಅಂಚು ಮುಂಚಕ್ರದಿಂದ ಹಿಂಚಕ್ರಕ್ಕೆ ಎಳೆದ ಓರೆಗೆರೆ. ಆದ್ದರಿಂದ ದೂರ ಇನ್ನೂ ಕಡಿಮೆ. ಹಿಂಚಕ್ರಗಳ ಅಂತರ 1.2 ಮೀ, ಮುಂದಿನಿಂದ ಹಿಂದಿನ ಅಚ್ಚಿಗೆ 2 ಮೀ, ಗುರುತ್ವಕೇಂದ್ರ ಹಿಂದಿನ ಅಚ್ಚಿನಿಂದ 0.6 ಮೀ ಮುಂದೆ ಎಂದಿಟ್ಟುಕೊಂಡರೆ ಆ ದೂರ ಸುಮಾರು 0.4 ಮೀ ಮಾತ್ರ.

ಈಗ ವಾಹನ ಮತ್ತು ಮನೆ ಸೇರಿ 600 ಕಿ.ಗ್ರಾಂ, ಅವುಗಳ ಗುರುತ್ವಕೇಂದ್ರ 0.8 ಮೀ ಎತ್ತರದಲ್ಲಿದೆ ಎನ್ನೋಣ. ತುಂಬಿದ ತೊಟ್ಟಿಯನ್ನು ಚಾವಣಿಯ ಬಳಿ 2 ಮೀ ಎತ್ತರದಲ್ಲಿಟ್ಟರೆ ಒಟ್ಟು ಗುರುತ್ವಕೇಂದ್ರ 1.15 ಮೀಟರಿಗೆ ಏರುತ್ತದೆ. ಅದೇ ತೊಟ್ಟಿಯನ್ನು ನೆಲಹಾಸಿನ ಅಡಿಯಲ್ಲಿ 0.5 ಮೀ ಎತ್ತರದಲ್ಲಿಟ್ಟರೆ 0.71 ಮೀಟರಿಗೆ ಇಳಿಯುತ್ತದೆ. 10 ಮೀ ತ್ರಿಜ್ಯದ ತಿರುವಿನಲ್ಲಿ ಮೊದಲನೆಯದು ಗಂಟೆಗೆ ಸುಮಾರು 21 ಕಿ.ಮೀ. ವೇಗಕ್ಕೇ ಉರುಳುತ್ತದೆ. ಎರಡನೆಯದು 27 ಕಿ.ಮೀ. ತನಕ ತಾಳುತ್ತದೆ. ಕಮ್ಮನಹಳ್ಳಿಯ ಮುಖ್ಯರಸ್ತೆಯಿಂದ ಅಡ್ಡರಸ್ತೆಗೆ ತಿರುಗುವ ಆಟೋಗಳ ವೇಗವನ್ನು ಒಮ್ಮೆ ಅಂದಾಜಿಸಿ ನೋಡಿ. ಈ ಆರು ಕಿ.ಮೀ.ಗಳ ಬೆಲೆ ಗೊತ್ತಾಗುತ್ತದೆ. ಅರ್ಧ ತುಂಬಿದ ತೊಟ್ಟಿಯಲ್ಲಿ ನೀರು ತಿರುವಿನ ಹೊರಬದಿಗೆ ನುಗ್ಗುವುದರಿಂದ ಸ್ಥಿತಿ ಇನ್ನೂ ಕೆಡುತ್ತದೆ. ಹಾಗಾಗಿ ನಿಯಮ ಸರಳ: ತೊಟ್ಟಿ ಕೆಳಗಿರಲಿ, ಚಲಿಸುವಾಗ ಖಾಲಿಯಿರಲಿ.

ಟ್ರೇಲರಿಗೆ ಇನ್ನೊಂದು ನಿಯಮವೂ ಇದೆ. ಒಂದೇ ಅಚ್ಚಿನ ಟ್ರೇಲರಿನಲ್ಲಿ ಗುರುತ್ವಕೇಂದ್ರ ಅಚ್ಚಿಗಿಂತ ಮುಂದಿರಬೇಕು. ಹೊರೆಯ ಸುಮಾರು ಹತ್ತನೆಯ ಒಂದು ಭಾಗ ಕೊಂಡಿಯ ಮೇಲೆ ಬೀಳಬೇಕೆಂಬುದು ರೂಢಿಯ ಸೂತ್ರ. ಕೊಂಡಿಯಿಂದ ಅಚ್ಚಿಗೆ 2.5 ಮೀ ಇದ್ದರೆ ಗುರುತ್ವಕೇಂದ್ರ ಅಚ್ಚಿನಿಂದ 25 ಸೆಂ.ಮೀ. ಮುಂದಿರಬೇಕು. ಅಡುಗೆಮನೆಯನ್ನೂ ತೊಟ್ಟಿಯನ್ನೂ ಹಿಂಭಾಗದಲ್ಲಿ ಕೂರಿಸಿದರೆ ಈ 25 ಸೆಂ.ಮೀ. ಮಾಯವಾಗುತ್ತದೆ. ವೇಗ ಹೆಚ್ಚಿದಾಗ ಟ್ರೇಲರ್ ಹಾವಿನಂತೆ ಓಲಾಡಿ ಎಳೆಯುವ ಕಾರನ್ನೂ ದಾರಿ ತಪ್ಪಿಸುತ್ತದೆ.

ಒಂದೇ ಚಾವಣಿಗೆ ಎರಡು ಕೆಲಸ

36 ಚದರಡಿ ಎಂದರೆ 3.34 ಚದರ ಮೀಟರ್. ಪೂರ್ಣ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ 1000 ವ್ಯಾಟ್ ಬೀಳುತ್ತದೆ. ಶೇಕಡ 18 ದಕ್ಷತೆಯ ಫಲಕದಿಂದ 600 ವ್ಯಾಟ್ ಪಡೆಯಲು ಬೇಕಾಗುವ ವಿಸ್ತೀರ್ಣ 3.33 ಚದರ ಮೀಟರ್. ನೆಲದಷ್ಟೇ ದೊಡ್ಡದಾದ ಚಾವಣಿ ಪೂರ್ತಿ ಫಲಕವಾಯಿತು! ಹಾಗಾದರೆ ತಾರಸಿಯಲ್ಲಿ ಕೂರುವುದೆಲ್ಲಿ? ಫಲಕವನ್ನು ತಲೆಯ ಮೇಲೆ ನೆರಳಾಗಿ ಎತ್ತಿ ನಿಲ್ಲಿಸಬಹುದು, ಹೊರಕ್ಕೆ ಚಾಚಬಹುದು. ಅಸಾಧ್ಯವೇನಲ್ಲ. ಆದರೆ ಎತ್ತಿ ನಿಲ್ಲಿಸಿದ ಫಲಕ ಗಾಳಿಗೆ ಹಾಯಿಯಾಗುತ್ತದೆ, ಗುರುತ್ವಕೇಂದ್ರವನ್ನು ಮತ್ತೆ ಮೇಲಕ್ಕೆಳೆಯುತ್ತದೆ. ವರದಿಗಳು ಎರಡೂ ಸೌಕರ್ಯಗಳನ್ನು ಪಟ್ಟಿ ಮಾಡಿದವು, ಕೂಡಿ ನೋಡಲಿಲ್ಲ.

ಅಷ್ಟು ವಿದ್ಯುತ್ತು ಬೇಕೆ ಎಂಬುದೂ ಕೇಳಬೇಕಾದ ಪ್ರಶ್ನೆ. ದಿನಕ್ಕೆ ನಾಲ್ಕೂವರೆ ಗಂಟೆ ಪೂರ್ಣ ಬಿಸಿಲಿಗೆ ಸಮನಾದ ಬೆಳಕು, ನಷ್ಟ ಕಳೆದು ಮುಕ್ಕಾಲು ಪಾಲು ಎಂದರೆ 600 ವ್ಯಾಟ್ ಫಲಕ ಸುಮಾರು 2 ಯೂನಿಟ್ ಕೊಡುತ್ತದೆ. ನಾಲ್ಕು ಎಲ್‌ಇಡಿ ದೀಪ, ಒಂದು ಸಣ್ಣ ಫ್ಯಾನ್, ಫೋನು, ಒಂದು ಲ್ಯಾಪ್‌ಟಾಪ್ ಸೇರಿ ಒಂದು ಯೂನಿಟ್ ದಾಟುವುದು ಕಷ್ಟ. 300 ವ್ಯಾಟ್ ಸಾಕು. ಅರ್ಧ ಚಾವಣಿ ಉಳಿಯಿತು, ತೂಕವೂ ಇಳಿಯಿತು. ಬರಿಯ ತಗಡಿನ ಚಾವಣಿಯಾದರೆ ನಡುಹಗಲಿನಲ್ಲಿ ಅದು ಎರಡು ಕಿಲೋವ್ಯಾಟಿಗೂ ಹೆಚ್ಚು ಶಾಖ ಹೀರುತ್ತದೆ. ಅದನ್ನು ಫ್ಯಾನಿನಿಂದ ಗೆಲ್ಲಲಾಗದು. ಬಿಳಿ ಬಣ್ಣ, ಚಾವಣಿ ಮತ್ತು ಫಲಕದ ನಡುವೆ ಗಾಳಿಯಾಡುವ ತೆರಪು ಇವೆರಡು ಹೆಚ್ಚು ಕೆಲಸ ಮಾಡುತ್ತವೆ.

ಗಾಳಿಯ ಲೆಕ್ಕ

ಕೊನೆಯ ಲೆಕ್ಕ ಅತಿ ಮುಖ್ಯವಾದದ್ದು. 36 ಚದರಡಿ ನೆಲ, 1.8 ಮೀ ಎತ್ತರದ ಕೋಣೆಯಲ್ಲಿ 6 ಘನ ಮೀಟರ್, ಅಂದರೆ 6000 ಲೀಟರ್ ಗಾಳಿ ಇರುತ್ತದೆ. ಮಲಗಿದ ಇಬ್ಬರು ಗಂಟೆಗೆ ಸುಮಾರು 25 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತಾರೆ. ಕಿಂಡಿಗಳನ್ನೆಲ್ಲ ಮುಚ್ಚಿದರೆ ಒಂದೇ ಗಂಟೆಯಲ್ಲಿ ಅದರ ಪ್ರಮಾಣ ಮಿಲಿಯನ್ನಿಗೆ 400 ಭಾಗದಿಂದ 4500ರ ಹತ್ತಿರಕ್ಕೆ ಏರುತ್ತದೆ. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಪಾಳಿಗೆ ಒಪ್ಪಿದ ಮಿತಿ 5000. ಅದನ್ನು 1400ರ ಒಳಗೆ ಇಡಬೇಕೆಂದರೆ ಗಂಟೆಗೆ 25 ಘನ ಮೀಟರ್ ಹೊಸ ಗಾಳಿ ಬೇಕು. ಎಂದರೆ ಹದಿನೈದು ನಿಮಿಷಕ್ಕೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗಬೇಕು. ಗಾಳಿ ಸೆಕೆಂಡಿಗೆ 20 ಸೆಂ.ಮೀ. ಸರಿದರೂ ಸುಮಾರು 350 ಚದರ ಸೆಂ.ಮೀ. ಕಿಂಡಿ ಬೇಕು. ನಿಮ್ಮ ನೋಟ್‌ಪುಸ್ತಕದ ಅಗಲದ ಒಂದು ಕಿಂಡಿ ಕೆಳಗೆ, ಒಂದು ಮೇಲೆ. ಇವು ಮುಚ್ಚಲಾಗದ ಕಿಂಡಿಗಳಾಗಿರಬೇಕು.

ಇದು ಉಸಿರಾಟದ ಲೆಕ್ಕ. ಉರಿಯುವ ವಸ್ತು ಸೇರಿದರೆ ಮಾತು ಬೇರೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಕ್ಯಾಲಿಕಟ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ತಜ್ಞರು ಅದೇ ವಾಹನದಲ್ಲಿ ಪರೀಕ್ಷೆ ನಡೆಸಿ, ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ನೆಲದ ರಂಧ್ರದ ಮೂಲಕ ಒಳಕ್ಕೆ ನುಸುಳಿತ್ತೆಂದು ಕಂಡುಕೊಂಡರು. ಎರಡು ಗಂಟೆಯಲ್ಲಿ ಅದು ಮಿಲಿಯನ್ನಿಗೆ 900 ಭಾಗಗಳನ್ನು ಮೀರಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ದೊಡ್ಡ ಮನೆಯಲ್ಲಿ ತಲೆನೋವು ತಂದು ಎಚ್ಚರಿಸಬಹುದಾದ ಸೋರಿಕೆ, ಹತ್ತರಲ್ಲೊಂದು ಗಾತ್ರದ ಕೋಣೆಯಲ್ಲಿ ಹತ್ತು ಪಟ್ಟು ಬೇಗ ಸಾಂದ್ರವಾಗುತ್ತದೆ. ಮಲಗಿದವರು ಏಳುವುದೇ ಇಲ್ಲ.

ಗಾಲಿಮನೆ ಎಂದರೆ ದೊಡ್ಡ ಮನೆಯ ಚಿಕ್ಕ ಪ್ರತಿಯಲ್ಲ ಎನ್ನುವುದು ಇದಕ್ಕೇ. ನೆಲವನ್ನು ಕುಗ್ಗಿಸಬಹುದು, ಖರ್ಚನ್ನು ಕುಗ್ಗಿಸಬಹುದು. ಮನುಷ್ಯನ ಉಸಿರು, ಒಲೆಯ ಉರಿ ಕುಗ್ಗುವುದಿಲ್ಲ. ನಮ್ಮ ಹಿರಿಯರು ಇದನ್ನು ಸೂತ್ರವಿಲ್ಲದೆಯೇ ಅರಿತಿದ್ದರು. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೊರಟ ಕಮಾನು ಬಂಡಿಯನ್ನು ನೆನೆಯಿರಿ. ಎರಡೂ ತುದಿ ತೆರೆದಿದ್ದು ಗಾಳಿಯಾಡುವ ಹೊದಿಕೆ, ಕೆಳಮಟ್ಟದಲ್ಲಿ ಹೇರಿದ ಸಾಮಾನು. ಒಲೆ ಹೂಡುತ್ತಿದ್ದುದು ಮಾತ್ರ ಬಂಡಿಯಿಂದಾಚೆ, ನೆಲದ ಮೇಲೆ ಮೂರು ಕಲ್ಲಿಟ್ಟು.

ನೀವು ಮಾಡಬಹುದಾದದ್ದು

ವಿಜ್ಞಾನ ವಸ್ತುಪ್ರದರ್ಶನಗಳಿಗೆ 'ಚಲಿಸುವ ಮನೆ' ಒಳ್ಳೆಯ ವಿಷಯ. ಅಂಥ ಮಾದರಿಯನ್ನು ನಿಮ್ಮ ವಿದ್ಯಾರ್ಥಿಗಳು ತಂದರೆ ಅದನ್ನು ಹಲಗೆಯ ಮೇಲಿಟ್ಟು ನಿಧಾನವಾಗಿ ಪಕ್ಕಕ್ಕೆ ಓರೆ ಮಾಡಿಸಿ. ಚಕ್ರ ಜಾರದಂತೆ ಅಂಚಿಗೆ ಒಂದು ಪಟ್ಟಿ ಹೊಡೆದಿರಲಿ. ನೀರಿನ ಶೀಶೆಯನ್ನು ಒಮ್ಮೆ ಚಾವಣಿಯ ಮೇಲೆ, ಒಮ್ಮೆ ನೆಲದಡಿಯಲ್ಲಿ ಕಟ್ಟಿ ಮಾದರಿ ಉರುಳುವ ಕೋನ ಅಳೆಯಿರಿ. ಮೇಲಿನ ನಮ್ಮ ಉದಾಹರಣೆಯಲ್ಲಿ ಅದು ಅನುಕ್ರಮವಾಗಿ 19 ಮತ್ತು 29 ಡಿಗ್ರಿ. ಆ ಕೋನದ ಟ್ಯಾಂಜೆಂಟ್, ನಾವು ಲೆಕ್ಕ ಹಾಕಿದ ನಿಷ್ಪತ್ತಿಯೇ. ಪಠ್ಯದ ಎರಡು ಅಧ್ಯಾಯಗಳು ಒಂದೇ ಹಲಗೆಯ ಮೇಲೆ ಕೂಡಿಬರುತ್ತವೆ.

ನಿಜವಾದ ವಾಹನಕ್ಕೆ ಕೈಹಚ್ಚುವ ಉತ್ಸಾಹಿಗಳು ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಇದು ಹೊಸತನಕ್ಕೆ ಅಡ್ಡಿ ಎಂದು ಕೆಲವರಿಗೆ ಅನ್ನಿಸುವುದುಂಟು. ಮೇಲಿನ 21 ಮತ್ತು 27ರ ನಡುವಿನ ವ್ಯತ್ಯಾಸವನ್ನು ಕಂಡವರಿಗೆ ಹಾಗನ್ನಿಸಬೇಕಿಲ್ಲ.

ಮುಂದೆ ಯಾವುದಾದರೂ ಗಾಲಿಮನೆಯ ಚಿತ್ರ ಪತ್ರಿಕೆಯಲ್ಲಿ ಬಂದರೆ ಅದನ್ನು ತರಗತಿಗೆ ಒಯ್ಯಿರಿ. ಚದರಡಿ ಮತ್ತು ರೂಪಾಯಿಗಳ ಪಕ್ಕದಲ್ಲಿ ನಾಲ್ಕು ಸಾಲು ಖಾಲಿ ಬಿಟ್ಟು ವಿದ್ಯಾರ್ಥಿಗಳಿಗೆ ಕೊಡಿ: ಒಟ್ಟು ತೂಕ, ಗುರುತ್ವಕೇಂದ್ರದ ಎತ್ತರ, ದಿನದ ವಿದ್ಯುತ್ತು, ಕಿಂಡಿಯ ವಿಸ್ತೀರ್ಣ. ಎಷ್ಟು ಸಾಲು ತುಂಬಲು ವರದಿಯಲ್ಲಿ ಮಾಹಿತಿ ಸಿಕ್ಕಿತೆಂದು ಅವರೇ ಎಣಿಸಲಿ.